ವೆನಿಸ್ಸಿನಲ್ಲಿ ನಾಲ್ಕು ದಿನ

(ನಮ್ಮ ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಪರದೇಶಕ್ಕೆ ಹೋಗಿ ಬಂದವರು ಈ ವೇದಿಕೆಯ ಮೇಲೆ ನಿಂತು ನಾಲ್ಕು ಮಾತಾಡಬೇಕೆಂಬುದು ನಮ್ಮ ಸಂಘದ ಹಳೆಯ ಪದ್ಧತಿ. ಹಿಂದೆ ಹೀಗೆ ಮಾತಾಡಿದವರೆಲ್ಲ ದೊಡ್ಡ ಹುದ್ದೆಯವರು, ತಿಂಗಳುಗಟ್ಟಲೆ ಇದ್ದು ಬಂದವರು. ನಾವಾದರೋ ಬ್ಯಾಂಕಿನ ಗುಮಾಸ್ತರು. ಮ್ಯೂನಿಕ್ಕಿನಲ್ಲಿ ಕೆಲಸದಲ್ಲಿರುವ ಭಾವಮೈದುನರ ದಾಕ್ಷಿಣ್ಯದಿಂದ 2024ರ ಮೇ ತಿಂಗಳಲ್ಲಿ ಯೂರೋಪು ಕಂಡೆವು. ಅದರಲ್ಲಿ ವೆನಿಸ್ ನಗರಕ್ಕೆ ಸಂದದ್ದು ನಾಲ್ಕೇ ದಿನ. ಆದ್ದರಿಂದ ಇದನ್ನು ಪ್ರವಾಸಕಥನವೆನ್ನುವುದಕ್ಕಿಂತ ದಿನವಹಿ ಎನ್ನುವುದು ಲೇಸು. ಇನ್ನೊಂದು ಅರಿಕೆ. ‘ನಾವು’ ಎಂಬುದು ಇಲ್ಲಿ ದೊಡ್ಡಸ್ತಿಕೆಯ ಮಾತಲ್ಲ. ನಮ್ಮ ತಾಯಿ, ನಮ್ಮ ಮನೆಯವರು, ಮತ್ತು ತಮ್ಮ ಮುಂದೆ ನಿಂತಿರುವ ಈ ವ್ಯಕ್ತಿ, ಮೂವರೂ ಅದರಲ್ಲಿದ್ದೇವೆ. ಒಳ್ಳೆಯ ಮಾತು ಕಂಡಲ್ಲಿ ಅದು ನಮ್ಮ ತಾಯಿಯದೆಂದು ತಿಳಿಯಬೇಕು.

ವೆನಿಸ್ಸಿನೊಳಗೆ ಉಳಿಯುವ ಶಕ್ತಿ ನಮಗಿರಲಿಲ್ಲ. ಸೇತುವೆಯ ಈಚೆ ದಡದ ಮೆಸ್ತ್ರೆಯಲ್ಲಿ ಕೋಣೆ ಹಿಡಿದೆವು. ಅಲ್ಲಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ದಾದರಿನಿಂದ ಕೋಟೆಗೆ ಹೋಗುವವರಿಗೆ ಇದೇನೂ ಹೊಸದಲ್ಲ. ಮೊದಲ ಸಂಜೆ ಮೆಸ್ತ್ರೆಯ ಬೀದಿಯಲ್ಲಿ ಅಕ್ಕಿ, ತೊಗರಿಬೇಳೆ, ಹಸಿಮೆಣಸಿನಕಾಯಿ ಇಟ್ಟುಕೊಂಡ ಅಂಗಡಿ ಕಂಡಿತು. ಅಂಗಡಿಯವರು ಬಾಂಗ್ಲಾದೇಶದವರು. ಆ ಊರಿನಲ್ಲಿ ಅವರ ಸಂಖ್ಯೆ ಬಹಳ. ಹಡಗು ಕಟ್ಟುವ ಕಾರ್ಖಾನೆಯಲ್ಲಿ, ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವವರು ಅವರೇ. ನಮ್ಮ ತಾಯಿಯ ಮುಂಬಯಿ ಹಿಂದಿಗೂ ಅವರ ಹಿಂದಿಗೂ ಚೆನ್ನಾಗಿ ಹೊಂದಿಕೆಯಾಯಿತು. “ವೆನಿಸ್ ಹೇಗಿದೆ?” ಎಂದು ಕೇಳಿದರೆ, “ಅಲ್ಲಿ ಕೆಲಸವಿದೆ, ಮನೆಯಿಲ್ಲ” ಎಂದರು. ನಾಲ್ಕು ದಿನ ಸುತ್ತಿದ ಮೇಲೂ ಆ ಊರಿನ ಬಗ್ಗೆ ಇದಕ್ಕಿಂತ ಚಿಕ್ಕದಾಗಿ ಹೇಳಿದವರು ನಮಗೆ ಸಿಕ್ಕಲಿಲ್ಲ.

ಮರುದಿನ ಬೆಳಿಗ್ಗೆ ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೆ ರಸ್ತೆಯಿಲ್ಲ, ನೀರು! ದೋಣಿಬಸ್ಸಿನ ದರ ನೋಡಿದೆವು: 75 ನಿಮಿಷಕ್ಕೆ ಒಬ್ಬರಿಗೆ ಒಂಬತ್ತೂವರೆ ಯೂರೋ. ಯೂರೋಗೆ 90 ರೂಪಾಯಿಯಂತೆ ಮನಸ್ಸಿನಲ್ಲೇ ಗುಣಿಸಿದೆವು. “ನಡೆಯೋಣ” ಎಂದು ನಮ್ಮ ಮನೆಯವರು ಹೇಳಿದರು. ಅದು ಒಳ್ಳೆಯದೇ ಆಯಿತು. ಕಾರಿಲ್ಲ, ಆಟೋ ಇಲ್ಲ, ಸೈಕಲ್ಲು ಕೂಡ ಇಲ್ಲ. ಎರಡು ಕೈ ಚಾಚಿದರೆ ಎರಡು ಗೋಡೆ ಮುಟ್ಟುವ ಓಣಿ. ಓಣಿಯ ಕೊನೆಗೆ ಮೆಟ್ಟಿಲುಸೇತುವೆ. ದಾಟಿದರೆ ಮತ್ತೊಂದು ಓಣಿ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳಿಂದ ಹೊಲಿದು ಮಾಡಿದ ಊರು ಅದು. ಏಳು ದ್ವೀಪಗಳ ನಡುವಣ ಕಡಲನ್ನು ಮಣ್ಣು ತುಂಬಿ ಮುಚ್ಚಿದ ಊರಿನಲ್ಲಿ ಬೆಳೆದ ನಮಗೆ, ಮುಚ್ಚದೆಯೂ ಒಂದು ಊರು ನಡೆಯಬಹುದೆಂಬುದೇ ಆಶ್ಚರ್ಯ.

ಕೆಸರಿನ ಮೇಲೆ ಇಷ್ಟು ಭಾರದ ಮನೆಗಳು ನಿಂತದ್ದು ಹೇಗೆ? ಮರದ ಕಂಬಗಳನ್ನು ಒತ್ತೊತ್ತಾಗಿ ಕೆಸರಿಗೆ ಹೊಡೆದು ಇಳಿಸಿರುವರು. ಗಾಳಿ ತಾಗದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಇಸ್ಟ್ರಿಯದಿಂದ ತಂದ, ನೀರು ಹೀರದ ಬಿಳಿಗಲ್ಲು, ಅದರ ಮೇಲೆ ಇಟ್ಟಿಗೆಯ ಗೋಡೆ. ನಾವು ಬೆರಗಾಗಿ ನೋಡುವ ಅಮೃತಶಿಲೆ ಬಹುಮಟ್ಟಿಗೆ ಮುಖಕ್ಕೆ ಹಚ್ಚಿದ ತೆಳು ಹೊದಿಕೆ. ಭಾರ ಹೊತ್ತದ್ದು ಕಣ್ಣಿಗೆ ಕಾಣದ ಮರ.

ಆದರೆ ನಮ್ಮ ತಾಯಿಗೆ ಹಿಡಿಸಿದ್ದು ಅರಮನೆಗಳಲ್ಲ, ಬಾವಿಗಳು. ಅಲ್ಲಿ ಪ್ರತಿ ಕೇರಿಯ ನಡುವೆ ‘ಕಾಂಪೊ’ ಎಂಬ ಒಂದು ಅಂಗಳ. ಅಂಗಳದ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ. “ಉಪ್ಪುನೀರಿನ ನಡುವೆ ಸಿಹಿನೀರು ಎಲ್ಲಿಂದ?” ಎಂದು ಅವರು ಕೇಳಿದರು. ಆ ಬಾವಿಗೆ ಒರತೆಯಿಲ್ಲ. ಅಂಗಳವನ್ನೇ ಆಳವಾಗಿ ತೋಡಿ, ಸುತ್ತ ಜೇಡಿಮಣ್ಣು ಮೆತ್ತಿ, ಒಳಗೆ ಮರಳು ತುಂಬಿ, ನಡುವೆ ಇಟ್ಟಿಗೆಯ ಕೊಳವೆ ಎಬ್ಬಿಸಿರುವರು. ಮಳೆಯ ನೀರು ಅಂಗಳದ ಇಳಿಜಾರಿನಲ್ಲಿ ಹರಿದು, ಕಲ್ಲಿನ ತೂತುಗಳಿಂದ ಇಳಿದು, ಮರಳಿನಲ್ಲಿ ಸೋಸಿ ನಡುವಣ ಬಾವಿಗೆ ಸೇರುತ್ತಿತ್ತು. 1884ರಲ್ಲಿ ಒಳನಾಡಿನ ನಲ್ಲಿನೀರು ಬರುವವರೆಗೆ ಆ ಊರು ಬದುಕಿದ್ದು ಮುಖ್ಯವಾಗಿ ಹೀಗೆ. ಈಗ ಬಾವಿಗಳ ಬಾಯಿಗೆ ಲೋಹದ ಮುಚ್ಚಳ. ಕಟ್ಟೆಯ ಮೇಲೆ ಕುಳಿತು ಅವಲಕ್ಕಿ ತಿಂದೆವು. ಅಲ್ಲಿ ಕುಳಿತು ತಿನ್ನಬಾರದೆಂಬ ನಿಯಮವೇನಾದರೂ ಇದ್ದರೆ ಆ ಊರಿನವರು ಕ್ಷಮಿಸಬೇಕು.

ಸಾನ್ ಮಾರ್ಕೊ ದೇವಾಲಯ, ದೊರೆಯ ಅರಮನೆ, ಗಂಟೆಗೋಪುರ ಇವನ್ನು ಎಲ್ಲರೂ ಚಿತ್ರದಲ್ಲಿ ಕಂಡಿದ್ದೀರಿ. ದೇವಾಲಯದ ಕಂಚಿನ ಕುದುರೆಗಳು 1204ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಸೂರೆಮಾಡಿ ತಂದವು. ಸಂತನ ದೇಹವನ್ನೇ 828ರಲ್ಲಿ ಅಲೆಕ್ಸಾಂಡ್ರಿಯದಿಂದ ಕದ್ದು ತಂದೆವೆಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುವರು. ಗಂಟೆಗೋಪುರ 1902ರಲ್ಲಿ ತಾನಾಗಿ ಕುಸಿದು, 1912ರಲ್ಲಿ ಇದ್ದಂತೆಯೇ ಮತ್ತೆ ಎದ್ದಿತು. 2019ರ ನವೆಂಬರಿನಲ್ಲಿ ನೀರು 187 ಸೆಂಟಿಮೀಟರ್ ಏರಿ ದೇವಾಲಯದೊಳಗೆ ನುಗ್ಗಿತ್ತು. 2020ರ ಅಕ್ಟೋಬರಿನಿಂದ ಕಡಲ ಬಾಯಲ್ಲಿ ಎತ್ತುವ ಕದಗಳಿವೆ. ಚೌಕದ ಫ್ಲೋರಿಯಾನ್ ಕಾಫಿಗೃಹ 1720ರದು. ಅಲ್ಲಿ ಕುಳಿತರೆ ಕಾಫಿಗೊಂದು ದರ, ವಾದ್ಯ ಕೇಳಿದ್ದಕ್ಕೆ ಬೇರೆ ದರ. ನಿಂತೇ ವಾದ್ಯ ಕೇಳಿದೆವು, ಕಾಫಿಯನ್ನು ಹಿಂದಿನ ಓಣಿಯಲ್ಲಿ ಕುಡಿದೆವು. ಚೌಕದ ಬಗ್ಗೆ ಇಷ್ಟು ಸಾಕು.

ಬಿ.ಕಾಂ. ಓದಿದವನಿಗೆ ವೆನಿಸ್ಸಿನ ಗರ್ಭಗುಡಿ ಇರುವುದು ರಿಯಾಲ್ತೊದಲ್ಲಿ. ದೊಡ್ಡ ಕಾಲುವೆಯನ್ನು ಎರಡು ಯೂರೋ ಕೊಟ್ಟು ನಿಂತೇ ದಾಟುವ ದೋಣಿಯೊಂದಿದೆ. ಕೊಲ್ಲೂರಿನ ಕಡೆಯ ಹೊಳೆ ದಾಟಿದ ಅಭ್ಯಾಸದಿಂದ ನಮ್ಮ ತಾಯಿ ನೆಟ್ಟಗೆ ನಿಂತರು, ಉಳಿದ ಇಬ್ಬರು ಅವರ ಸೆರಗು ಹಿಡಿದುಕೊಂಡೆವು. ಆಚೆ ದಡದಲ್ಲಿ ಸಾನ್ ಜಾಕೊಮೊ ಎಂಬ ಪುಟ್ಟ ಗುಡಿ, ಅದರ ಮುಂದೆ ಮೊಗಸಾಲೆ. ಒಂದು ಕಾಲಕ್ಕೆ ಹಣದ ವ್ಯವಹಾರದವರು ಈ ಸುತ್ತಿನಲ್ಲೇ ಬೆಂಚು ಹಾಕಿಕೊಂಡು ಕುಳಿತಿರುತ್ತಿದ್ದರು. ಬೆಂಚಿಗೆ ಅವರ ಮಾತು ‘ಬಾಂಕೊ’. ನಮಗೆ ಅನ್ನ ಹಾಕುವ ಸಂಸ್ಥೆಯ ಹೆಸರು ಹುಟ್ಟಿದ್ದು ಇಂಥ ಬೆಂಚಿನಿಂದ. ಗ್ರಾಹಕ ಬಂದು ಬಾಯಲ್ಲಿ ಹೇಳಿದರೆ ಸಾಕು, ಗುಮಾಸ್ತ ಒಬ್ಬರ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ಮೊತ್ತ ಬರೆಯುತ್ತಿದ್ದ, ನಾಣ್ಯ ಕದಲುತ್ತಿರಲಿಲ್ಲ. ಖಾಸಗಿ ಬೆಂಚುಗಳು ಒಂದರ ಹಿಂದೊಂದು ಮುರಿದು ಬಿದ್ದ ಮೇಲೆ 1587ರಲ್ಲಿ ಸರ್ಕಾರವೇ ಅಲ್ಲಿ ಬ್ಯಾಂಕು ತೆರೆಯಿತು. ಜಮಾ-ಖರ್ಚಿನ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸುವ ಲೂಕಾ ಪಾಚೋಲಿಯ ಪುಸ್ತಕ 1494ರಲ್ಲಿ ಅಚ್ಚಾದದ್ದೂ ಈ ಊರಿನಲ್ಲೇ. ಪದ್ಧತಿ ಆತನದಲ್ಲ, ಇಲ್ಲಿಯ ವರ್ತಕರದು. ಆತ ಬರೆದಿಟ್ಟ, ಅಷ್ಟೆ. ಗುಡಿಯ ಹಿಂಗೋಡೆಯ ಮೇಲೆ ಒಂದು ಹಳೆಯ ಶಾಸನವಿದೆ. ಈ ಗುಡಿಯ ಸುತ್ತ ವರ್ತಕರ ನ್ಯಾಯ ಸಮವಾಗಿರಲಿ, ತೂಕ ತಪ್ಪದಿರಲಿ, ಕರಾರಿನಲ್ಲಿ ಮೋಸವಿಲ್ಲದಿರಲಿ ಎಂಬುದು ಅದರ ತಾತ್ಪರ್ಯ. ಅದರ ಮುಂದೆ ನಿಂತು ಕೈಮುಗಿದೆವು. ಮನೆಯವರು ನಕ್ಕರು.

ಇಲ್ಲಿಗೆ ಬಂದ ಮೆಣಸು ನಮ್ಮ ಪಡುವಣ ಕರಾವಳಿಯದು. ಅರಬ್ಬರ ಹಡಗಿನಲ್ಲಿ ಹೊರಟು, ಅಲೆಕ್ಸಾಂಡ್ರಿಯದಲ್ಲಿ ಕೈ ಬದಲಾಗಿ, ರಿಯಾಲ್ತೊದಲ್ಲಿ ತೂಕಕ್ಕೆ ಬೀಳುತ್ತಿತ್ತು. ಪೋರ್ತುಗೀಜರು ಸಮುದ್ರ ಬಳಸಿ ನೇರವಾಗಿ ಇಂಡಿಯಾ ಮುಟ್ಟಿದರೆಂಬ ಸುದ್ದಿ 1501ರಲ್ಲಿ ಬಂದಾಗ, ಇನ್ನು ನಮ್ಮ ಕಥೆ ಮುಗಿಯಿತೆಂದು ಜಿರೊಲಾಮೊ ಪ್ರಿಯುಲಿ ಎಂಬ ವರ್ತಕ ದಿನಚರಿಯಲ್ಲಿ ಮರುಗಿದ್ದಾನೆ. ಅದಕ್ಕೂ ಮುಂಚೆ, 1420ರ ಸುಮಾರಿಗೆ, ನಿಕೊಲೊ ದೆ ಕೊಂತಿ ಎಂಬ ವೆನಿಸ್ಸಿನ ವ್ಯಾಪಾರಿ ನಮ್ಮ ವಿಜಯನಗರಕ್ಕೇ ಬಂದಿದ್ದ. ಹಬ್ಬದಲ್ಲಿ ದೇವಾಲಯಗಳ ಒಳಗೂ ಮಾಳಿಗೆಗಳ ಮೇಲೂ ಎಣಿಕೆಯಿಲ್ಲದಷ್ಟು ಎಣ್ಣೆದೀಪ ಹಚ್ಚಿ ಹಗಲಿರುಳು ಉರಿಸುತ್ತಿದ್ದರೆಂದು ಆತ ಹೇಳಿದುದು ಬರಹದಲ್ಲಿ ಉಳಿದಿದೆ. ಆತನ ಗುರುತು ಎಲ್ಲಾದರೂ ಉಂಟೇ ಎಂದು ಇಬ್ಬರು ಮೂವರನ್ನು ವಿಚಾರಿಸಿದೆವು. ಯಾರಿಗೂ ತಿಳಿಯದು. ಮಾರ್ಕೊ ಪೋಲೊ ಎಂದಾಗ ಮಾತ್ರ ಒಬ್ಬರು ವಿಮಾನ ನಿಲ್ದಾಣದ ದಾರಿ ತೋರಿಸಿದರು.

ಮಾತು ಮೆಣಸಿಗೆ ಬಂದದ್ದರಿಂದ ಊಟದ ವಿಷಯ. ರಿಯಾಲ್ತೊದ ಮೀನುಮಾರುಕಟ್ಟೆಯಲ್ಲಿ ಒಂದು ಕಲ್ಲಿನ ಹಲಗೆಯಿದೆ. ಯಾವ ಯಾವ ಮೀನು ಎಷ್ಟೆಷ್ಟು ಉದ್ದವಿದ್ದರೆ ಮಾತ್ರ ಮಾರಬಹುದೆಂದು ಅದರಲ್ಲಿ ಕೆತ್ತಿದೆ. ಮರಿಮೀನು ಹಿಡಿದು ಕಡಲು ಬರಿದು ಮಾಡಬಾರದೆಂಬ ವಿವೇಕ. ಪಕ್ಕದ ಓಣಿಗಳಲ್ಲಿ ‘ಬಾಕಾರೊ’ ಎಂಬ ಪುಟ್ಟ ಅಂಗಡಿಗಳು. ನಿಂತೇ ತಿನ್ನಬೇಕು, ತಟ್ಟೆಯಲ್ಲಿ ಒಂದೊಂದೇ ತುಂಡು, ಒಂದೊಂದಕ್ಕೂ ಎರಡು ಯೂರೋ ಆಸುಪಾಸು. ಗಾಜಿನ ಹಿಂದೆ ‘ಸಾರ್ದೆ ಇನ್ ಸಾವೊರ್’ ಕಂಡದ್ದೇ ನಮ್ಮ ತಾಯಿ, “ಅಯ್ಯೋ, ಬೂತಾಯಿ!” ಎಂದರು. ನಿಜವಾಗಿಯೂ ಬೂತಾಯಿಯ ದಾಯಾದಿಯೇ. ಮೀನನ್ನು ಹುರಿದು, ಬಾಡಿಸಿದ ಈರುಳ್ಳಿ, ವಿನಿಗರ್, ಒಣದ್ರಾಕ್ಷಿ, ಚಿಲ್ಗೋಜ ಪದರಪದರವಾಗಿ ಹಾಕಿ ಒಂದೆರಡು ದಿನ ಇಡುವರು. ಹಡಗಿನವರು ಕೆಡದಂತೆ ಕೊಂಡೊಯ್ಯಲು ಕಂಡುಕೊಂಡ ಉಪಾಯವಂತೆ. ತಾಯಿಯ ತೀರ್ಪು: ಹುಳಿ ಸರಿ, ಸಿಹಿ ಅತಿ, ಖಾರ ನಾಸ್ತಿ. ಊರಿಗೆಲ್ಲ ಮೆಣಸು ಮಾರಿ ಶ್ರೀಮಂತರಾದವರು ತಮ್ಮ ತಟ್ಟೆಗೆ ಮಾತ್ರ ಹಾಕಿಕೊಳ್ಳಲಿಲ್ಲವೇ ಎಂದು ಅವರಿಗೆ ಸಂದೇಹ. ದಿನವಿಡೀ ಲಕ್ಷ ಎಣಿಸಿ ಮನೆಗೆ ಚಿಲ್ಲರೆ ತರುವ ಗುಮಾಸ್ತರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಾರ್ವೆಯ ಒಣಮೀನನ್ನು ಕುಟ್ಟಿ ಎಣ್ಣೆ ಬೆರೆಸಿ ಬೆಣ್ಣೆಯಂತೆ ಮಾಡಿ ರೊಟ್ಟಿಯ ಮೇಲೆ ಸವರಿದ್ದು ನಮಗೆ ಅದಕ್ಕಿಂತ ಹಿಡಿಸಿತು. ಮೀನು ಮುಟ್ಟದ ನಮ್ಮ ಮನೆಯವರಿಗೆ ಅಕ್ಕಿ-ಬಟಾಣಿಯ ‘ರಿಸಿ ಎ ಬಿಸಿ’ ಸಿಕ್ಕಿತು. ಹಂದಿಮಾಂಸ ಹಾಕಬೇಡಿರೆಂದು ಮೂರು ಸಲ ಹೇಳಬೇಕಾಯಿತು. ದೊರೆಗೆ ಏಪ್ರಿಲ್ 25ರ ಸಂತ ಮಾರ್ಕನ ಹಬ್ಬದ ದಿನ ಬಡಿಸುತ್ತಿದ್ದ ಅನ್ನವಂತೆ ಅದು. ಮುದ್ದೆಗಟ್ಟಿದ ಪಲಾವು ಎಂದು ಅವರ ಅಭಿಪ್ರಾಯ.

ಈಗ ಕೇರಿಗಳಿಗೆ ಬರುತ್ತೇವೆ. ಹೇಳಬೇಕೆಂದು ನಿಂತದ್ದೇ ಇದನ್ನು. ವೆನಿಸ್ಸು ವೆನಿಸ್ಸಿನವರೊಬ್ಬರದೇ ಆಗಿರಲಿಲ್ಲ. ಹೊರಗಿನಿಂದ ಬಂದವರಿಗೆ ಬೇರೆ ಬೇರೆ ಕೇರಿ, ಬೇರೆ ಬೇರೆ ಕಟ್ಟಳೆ. ಜರ್ಮನ್ ವರ್ತಕರಿಗೆ ರಿಯಾಲ್ತೊ ಸೇತುವೆಯ ಬುಡದಲ್ಲೇ ಒಂದು ಛತ್ರ. ಅಲ್ಲೇ ವಾಸ, ಅಲ್ಲೇ ಸರಕು, ಬೇರೆಲ್ಲೂ ಇಳಿಯುವಂತಿಲ್ಲ. ಗ್ರೀಕರಿಗೆ 1498ರಲ್ಲಿ ತಮ್ಮದೊಂದು ಸಂಘ ಕಟ್ಟಲು ಅಪ್ಪಣೆ. ಅವರ ಇಗರ್ಜಿಯ ಗಂಟೆಗೋಪುರ ಇಂದಿಗೂ ವಾಲಿಕೊಂಡು ನಿಂತಿದೆ. ಯಹೂದ್ಯರಿಗೆ 1516ರಲ್ಲಿ ಹಳೆಯ ಎರಕದ ಮನೆಗಳಿದ್ದ ಒಂದು ದ್ವೀಪ. ಎರಕದ ಮನೆಗೆ ಅಲ್ಲಿಯ ಮಾತು ‘ಗೆತೊ’. ಲೋಕದಲ್ಲೆಲ್ಲ ‘ಘೆಟ್ಟೊ’ ಎಂಬ ಮಾತು ಹರಡಿದ್ದು ಅಲ್ಲಿಂದಲೇ ಎನ್ನುವರು. ರಾತ್ರಿ ಬಾಗಿಲಿಗೆ ಬೀಗ. ಕಾವಲುಗಾರರ ಸಂಬಳವನ್ನು ಒಳಗಿದ್ದವರೇ ಕೊಡಬೇಕು! ಜನ ಹೆಚ್ಚಿದರೂ ದ್ವೀಪ ಹಿಗ್ಗಲಿಲ್ಲ. ಮಹಡಿಯ ಮೇಲೆ ಮಹಡಿ, ತಲೆ ತಾಗುವ ಮಾಡು. ಏಳೆಂಟು ಅಂತಸ್ತಿನ ಆ ಮನೆಗಳನ್ನು ಕಂಡಾಗ ನಮಗೆ ಗಿರ್‌ಗಾಂವಿನ ಚಾಳುಗಳು ನೆನಪಾದವು. ಬಡವರಿಗೆ ಕಡಮೆ ಬಡ್ಡಿಗೆ ಸಾಲ ಕೊಡುವ ಗಿರವಿ ಬ್ಯಾಂಕು ನಡೆಸುವ ಹೊರೆಯನ್ನೂ ಅವರ ಮೇಲೆ ಹಾಕಿದ್ದರು. 1797ರಲ್ಲಿ ನೆಪೋಲಿಯನ್ನನ ಸೈನ್ಯ ಬಂದಾಗ ಬಾಗಿಲುಗಳನ್ನು ಕಿತ್ತು ಸುಟ್ಟರು. 1943-44ರಲ್ಲಿ ಆ ಊರಿನ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ನಾತ್ಸಿಗಳ ಶಿಬಿರಗಳಿಗೆ ಎಳೆದೊಯ್ದರು. ಮರಳಿದವರು ಕೆಲವರೇ. ಆ ಅಂಗಳದಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ನಾವು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದೆವು.

ಆ ಒಂದು ಸಣ್ಣ ಕೇರಿಯಲ್ಲಿ ಐದು ಪ್ರಾರ್ಥನಾಮಂದಿರಗಳು. ಜರ್ಮನಿಯಿಂದ ಬಂದವರದೊಂದು, ಇಟಲಿಯವರದೊಂದು, ಸ್ಪೇನಿನವರದೊಂದು, ಹೀಗೆ. ದೇವರೊಬ್ಬನೇ, ಊರು ಬೇರೆ, ಉಚ್ಚಾರ ಬೇರೆ. ಒಂದೇ ಉಪನಗರದಲ್ಲಿ ಮೂರು ಕನ್ನಡ ಸಂಘ ಕಟ್ಟಿಕೊಂಡ ನಾವು ಈ ವಿಷಯದಲ್ಲಿ ಯಾರನ್ನೂ ನಗುವಂತಿಲ್ಲ.

ಮೂರನೆಯ ದಿನ ದಾಲ್ಮೇಷಿಯದವರ ಸಂಘ ನೋಡಿದೆವು. ದಾಲ್ಮೇಷಿಯ ಎಂದರೆ ಎದುರು ಕರಾವಳಿ, ಇಂದಿನ ಕ್ರೊಯೇಷಿಯದ ಕಡಲ ಅಂಚು. ಅಲ್ಲಿಂದ ಹಡಗು ಹತ್ತಿ ಬಂದ ನಾವಿಕರು, ಕೂಲಿಗಳು 1451ರಲ್ಲಿ ಅಪ್ಪಣೆ ಪಡೆದು ತಮ್ಮದೊಂದು ಸಂಘ ಸ್ಥಾಪಿಸಿದರು. ಕಾಯಿಲೆ ಬಿದ್ದವನಿಗೆ ಆರೈಕೆ, ಸತ್ತವನಿಗೆ ಮಣ್ಣು. ಊರು ಬಿಟ್ಟು ಬಂದವರ ಬೇಡಿಕೆಗಳು ಎಲ್ಲ ಕಾಲದಲ್ಲೂ ಒಂದೇ. ಇಂಥ ಬಡ ಸಂಘ ವಿತ್ತೋರೆ ಕಾರ್ಪಾಚ್ಚೊ ಎಂಬ ಚಿತ್ರಕಾರನನ್ನು ಕರೆದು, 1502ರಿಂದ ಐದಾರು ವರ್ಷ, ತಮ್ಮ ಸಂತರ ಕಥೆಗಳನ್ನು ಬರೆಸಿತು. ನಮ್ಮ ಈ ಸಭಾಂಗಣಕ್ಕಿಂತ ದೊಡ್ಡದಲ್ಲದ ಕೋಣೆ. ಒಂದು ಚಿತ್ರದಲ್ಲಿ ಸಂತನ ಹಿಂದೆ ಸಾಧು ಸಿಂಹ, ಅದನ್ನು ಕಂಡು ಸನ್ಯಾಸಿಗಳು ನಿಲುವಂಗಿ ಹಾರಿಸಿಕೊಂಡು ಓಡುತ್ತಿದ್ದಾರೆ. ಇನ್ನೊಂದರಲ್ಲಿ ಸಂತ ಅಗಸ್ಟೀನ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಬೆಳಕಿನತ್ತ ನೋಡುತ್ತಾನೆ. ನೆಲದ ಮೇಲೆ ಒಂದು ಪುಟ್ಟ ಬಿಳಿನಾಯಿ ಕೂಡ ಅದನ್ನೇ ನೋಡುತ್ತಿದೆ. ನೆಪೋಲಿಯನ್ನನ ಆಡಳಿತ ವೆನಿಸ್ಸಿನ ಬಹುಪಾಲು ಇಂಥ ಸಂಘಗಳನ್ನು ಮುಚ್ಚಿಸಿತು. ಇದು ಉಳಿಯಿತು. ಇಂದಿಗೂ ಸದಸ್ಯರಿದ್ದಾರೆ, ಸಭೆ ಸೇರುತ್ತಾರೆ. ಅವರ ಲೆಕ್ಕಪತ್ರವನ್ನು ಒಮ್ಮೆ ನೋಡಬೇಕೆಂದು ಬಹಳ ಆಸೆಯಾಯಿತು. ಕೇಳಲು ಸಂಕೋಚವಾಯಿತು.

ಕೊನೆಯ ದಿನ 25 ಯೂರೋದ ದಿನದ ಟಿಕೆಟ್ಟು ಕೊಂಡು ಸಾನ್ ಲಾಜರೊ ದ್ವೀಪಕ್ಕೆ ಹೋದೆವು. ಒಂದು ಕಾಲಕ್ಕೆ ಕುಷ್ಠರೋಗಿಗಳನ್ನು ಇಟ್ಟಿದ್ದ ಆ ದ್ವೀಪವನ್ನು 1717ರಲ್ಲಿ ಮೆಖಿತಾರ್ ಎಂಬ ಆರ್ಮೇನಿಯನ್ ಸನ್ಯಾಸಿಗೆ ಕೊಟ್ಟರು. ಆತನೂ ಶಿಷ್ಯರೂ ಅಲ್ಲಿ ಮಠ ಕಟ್ಟಿ, ಹಸ್ತಪ್ರತಿ ಕೂಡಿಸಿ, 1789ರಲ್ಲಿ ಸ್ವಂತ ಅಚ್ಚುಕೂಟ ನಡೆಸಿ, ತಮ್ಮ ನುಡಿಯನ್ನು ತಮ್ಮ ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ ಕಾಪಾಡಿಕೊಂಡು ಬಂದರು. 1816ರಲ್ಲಿ ಬೈರನ್ ಕವಿ ಅಲ್ಲಿಗೆ ಹೋಗಿ ಆರ್ಮೇನಿಯನ್ ಕಲಿಯುತ್ತಿದ್ದ. ಅಲ್ಲಿಯ ಅಂಗಡಿಯಲ್ಲಿ ಸನ್ಯಾಸಿಗಳ ತೋಟದ ಗುಲಾಬಿ ದಳದ ಜಾಮು ಮಾರುತ್ತಾರೆ. “ಗುಲ್ಕಂದು” ಎಂದರು ನಮ್ಮ ತಾಯಿ. ಒಂದು ಸೀಸೆ ಕೊಂಡೆವು.

ಈ ಆರ್ಮೇನಿಯನ್ನರಿಗೂ ನಮ್ಮ ನಾಡಿಗೂ ಒಂದು ಸಂಬಂಧವುಂಟು. ಜಗತ್ತಿನ ಮೊದಲ ಆರ್ಮೇನಿಯನ್ ಪತ್ರಿಕೆ ಹೊರಟದ್ದು 1794ರಲ್ಲಿ, ಮದರಾಸಿನಲ್ಲಿ. ನಮ್ಮ ‘ಮಂಗಳೂರ ಸಮಾಚಾರ’ಕ್ಕಿಂತ 49 ವರ್ಷ ಮೊದಲು, ಸ್ವಂತ ನಾಡಿನಲ್ಲಲ್ಲ, ವಲಸೆ ಬಂದ ಊರಿನಲ್ಲಿ! ಅದೇ ಮದರಾಸಿನಲ್ಲಿ ವ್ಯಾಪಾರ ಮಾಡಿದ ಮೂರಾಟ್, ರಾಫೆಲ್ ಎಂಬ ಇಬ್ಬರು ಆರ್ಮೇನಿಯನ್ ವರ್ತಕರು ಬಿಟ್ಟ ಹಣದಿಂದ ಈ ಮಠದವರು ತಮ್ಮ ಮಕ್ಕಳಿಗಾಗಿ ಶಾಲೆ ತೆರೆದರು. ವೆನಿಸ್ಸಿನ ಶಾಲೆ ಆರಂಭವಾದದ್ದು 1836ರಲ್ಲಿ. ಮುಂದೆ ಎರಡು ಹೆಸರೂ ಸೇರಿ ಮೂರಾಟ್-ರಾಫೆಲ್ ಶಾಲೆಯೆಂದು ಖ್ಯಾತಿಯಾಯಿತು. 1997ರಲ್ಲಿ ಮುಚ್ಚಿತು. ಸಂಜೆ ಆ ಕಟ್ಟಡ ಹುಡುಕಿಕೊಂಡು ಹೋದೆವು. ಕಾಲುವೆಯ ಮೇಲೆ ಉದ್ದನೆಯ ಬಿಳಿ ಅರಮನೆ, ಮುಚ್ಚಿದ ಬಾಗಿಲು. “ಏಕೆ ಮುಚ್ಚಿದರು?” ಎಂದು ತಾಯಿ ಕೇಳಿದರು. “ಮಕ್ಕಳು ಕಡಮೆಯಾಗಿರಬೇಕು” ಎಂದೆವು. “ನಿಮ್ಮ ತಂದೆಯ ಶಾಲೆಯ ಹಾಗೆ” ಎಂದರು.

ನಮ್ಮ ತಂದೆ ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಮೇಜು ಒರೆಸಿದವರು. ಕೋಟೆ ಪ್ರದೇಶದ ಒಂದು ಕನ್ನಡ ರಾತ್ರಿಶಾಲೆಯಲ್ಲಿ, ಕೆಲಸ ಮುಗಿಸಿ, ತೂಕಡಿಸುತ್ತ ಓದಿ ಮೆಟ್ರಿಕ್ ಆದರು. ತಮ್ಮಲ್ಲಿ ಅನೇಕರ ತಂದೆಯಂದಿರ ಕಥೆಯೂ ಇದೇ. ಆ ಶಾಲೆ ಮುಚ್ಚಿ ವರ್ಷಗಳಾದವು. ಮುಚ್ಚುವಾಗ ಯಾರೂ ಜಗಳಾಡಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರುಗಳೇ ಇರಲಿಲ್ಲ.

ಅಲ್ಲಿಂದ ರೈಲಿಗೆ ಹೋಗುವ ಮುನ್ನ ರಿಯಾಲ್ತೊದ ಬಳಿಯ ಒಂದು ಔಷಧದಂಗಡಿಯ ಕಿಟಕಿ ನೋಡಿಕೊಂಡು ಬಂದೆವು. 2008ರಿಂದ ಅಲ್ಲೊಂದು ವಿದ್ಯುತ್ ಅಂಕಿಫಲಕ: ಹಳೆಯ ನಗರದಲ್ಲಿ ಇನ್ನೂ ವಾಸವಾಗಿರುವವರ ಸಂಖ್ಯೆ. 1951ರಲ್ಲಿ 1,75,000ದಷ್ಟಿದ್ದುದು 2022ರಲ್ಲಿ 50,000ಕ್ಕೆ ಕೆಳಗಿಳಿಯಿತು. ನಾವು ಕಂಡ ಅಂಕಿ ಅದಕ್ಕೂ ಕೆಳಗೆ. ಮನೆಗಳೆಲ್ಲ ಪ್ರವಾಸಿಗಳ ಕೋಣೆಗಳಾಗುತ್ತಿವೆ. ನಮ್ಮಂಥವರು ಹೋಗಿ ನೋಡುವುದರಿಂದಲೇ ಊರು ಖಾಲಿಯಾಗುತ್ತಿದೆಯೆಂದರೆ ಮುಖ ಸಣ್ಣದಾಗುತ್ತದೆ. ಒಂದು ದಿನಕ್ಕೆ ಬರುವವರಿಂದ ಕೆಲವು ದಿನಗಳಲ್ಲಿ ಐದು ಯೂರೋ ಪ್ರವೇಶಶುಲ್ಕ ವಸೂಲಿ ಮಾಡುವ ಪ್ರಯೋಗ ಆ ವರ್ಷದ ಏಪ್ರಿಲಿನಲ್ಲೇ ಆರಂಭವಾಗಿತ್ತು. ಮೆಸ್ತ್ರೆಯೂ ಅದೇ ಪುರಸಭೆಗೆ ಸೇರಿದ್ದರಿಂದ, ಅಲ್ಲಿ ರಾತ್ರಿ ಉಳಿದ ನಮಗೆ ಅದು ಬೀಳಲಿಲ್ಲ. ಉಳಿತಾಯದ ಸಂತೋಷ ಆಗ ಅಷ್ಟೇನೂ ಆಗಲಿಲ್ಲ.

ಮೂರು ವರ್ಷದಿಂದ ಈ ಸಂಘದ ಖಜಾಂಚಿಯ ಕೆಲಸ ನಮ್ಮದು. ಮೇಲಿನ ಕೋಣೆಯಲ್ಲಿ ನಡೆಯುವ ಭಾನುವಾರದ ಕನ್ನಡ ತರಗತಿಗೆ ಈಗ ಬರುವವರು ಹನ್ನೊಂದು ಮಕ್ಕಳು. ಆ ಕೋಣೆಯನ್ನು ಒಂದು ಕೋಚಿಂಗ್ ತರಗತಿಯವರಿಗೆ ಬಾಡಿಗೆಗೆ ಕೊಟ್ಟರೆ ಛಾವಣಿಯ ಸೋರಿಕೆ ನಿಲ್ಲಿಸುವಷ್ಟು ಹಣ ಬರುತ್ತದೆಂದು, ಪ್ರಯಾಣಕ್ಕೆ ಮುಂಚೆ, ಸಮಿತಿಗೆ ಟಿಪ್ಪಣಿ ಬರೆದವರೂ ನಾವೇ. ಬಂದ ಮೇಲೆ ಅದನ್ನು ತೆಗೆದು ಮತ್ತೆ ಓದಿದೆವು. ಅಂಕಿಗಳಲ್ಲಿ ತಪ್ಪಿಲ್ಲ. ಆದರೂ ಟಿಪ್ಪಣಿಯನ್ನು ಹಿಂದಕ್ಕೆ ಪಡೆಯುವುದಾಗಿ ಅಧ್ಯಕ್ಷರಿಗೆ ಬರೆದುಕೊಟ್ಟಿದ್ದೇವೆ. ಹಾಗಾದರೆ ಸೋರಿಕೆಗೆ ಹಣವೆಲ್ಲಿಂದ ಎಂದು ಅವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ, ಉತ್ತರ ಇನ್ನೂ ನಮ್ಮಲ್ಲಿಲ್ಲ. ಸಾಮಾನ್ಯ ಸಭೆಗೆ ಬರುವಾಗ ತಾವು ಯಾರಾದರೂ ತಂದರೆ ಉಪಕಾರವಾಗುತ್ತದೆ.

ಗುಲಾಬಿಯ ಸೀಸೆಯನ್ನು ತಂದಿದ್ದೇವೆ; ಚಹಾದ ಮೇಜಿನ ಮೇಲಿದೆ. ಸೀಸೆ ಬಹಳ ಚಿಕ್ಕದು, ಆದ್ದರಿಂದ ಮೊದಲು ಆ ಹನ್ನೊಂದು ಮಕ್ಕಳಿಗೆ ಕೊಟ್ಟು, ಮಿಕ್ಕರೆ ಹಿರಿಯರು ರುಚಿ ನೋಡಬೇಕೆಂದು ನಮ್ಮ ತಾಯಿ ಹೇಳಿ ಕಳಿಸಿದ್ದಾರೆ.